ಇಕ್ಕಟ್ಟೂ ಪ್ರತಿಬಂಧವೂ

ಅಮರಕೋಶವನ್ನು ಬಾಯಿಪಾಠ ಮಾಡಿ ಬೆಳೆದವರಲ್ಲಿ ಒಂದು ದೋಷವು ಕೊನೆಯವರೆಗೆ ಉಳಿದುಕೊಳ್ಳುವದುಂಟು. ಒಂದು ಶ್ಲೋಕದಲ್ಲಿ ಕೂಡಿಸಿ ಹೇಳಿದ ಶಬ್ದಗಳೆಲ್ಲವೂ ಒಂದೇ ಅರ್ಥದವೆಂದು ಅವರು ನಂಬಿಬಿಡುತ್ತಾರೆ. ಜಲವೆಂದರೂ ನೀರೇ, ಜೀವನವೆಂದರೂ ನೀರೇ. ಆದರೆ ವೈಶಾಖ ಮಾಸದಲ್ಲಿ ಒಣಗಿದ ಕೃಷ್ಣೆಯ ದಂಡೆಯ ಮೇಲೆ ನಿಂತ ರೈತನಿಗೆ ಈ ಎರಡು ಶಬ್ದಗಳ ಅಂತರವು ಯಾವ ಕೋಶದ ನೆರವೂ ಇಲ್ಲದೆ ತಿಳಿಯುತ್ತದೆ.

ಇಂದಿನ ಕಾರಖಾನೆ ಕಚೇರಿಗಳಲ್ಲಿ ಕೆಲಸವನ್ನು ಸುಧಾರಿಸುವವರ ಬಾಯಲ್ಲಿಯೂ ಇಂಥ ಎರಡು ಮಾತುಗಳು ಒಂದರ ಬದಲು ಒಂದು ಓಡಾಡುತ್ತಿರುತ್ತವೆ. ಒಂದು ಬಾಟಲ್‌ನೆಕ್ಕು, ಇನ್ನೊಂದು ಕನ್‌ಸ್ಟ್ರೇಂಟು. ಮೊದಲನೆಯದನ್ನು ನಾವು ಇಕ್ಕಟ್ಟು ಎಂದು ಕರೆಯೋಣ. ಸೀಸೆಯ ಕೊರಳಿನಂತೆ ಕೆಲಸದ ದಾರಿಯು ಕಿರಿದಾಗುವ ಸ್ಥಳವೆಂದು ಅದರ ಅರ್ಥ. ಎರಡನೆಯದಕ್ಕೆ ಪ್ರತಿಬಂಧವೆಂಬ ಹೆಸರು ಸಲ್ಲುತ್ತದೆ. ನ್ಯಾಯಶಾಸ್ತ್ರದಲ್ಲಿ ಪ್ರತಿಬಂಧಕವೆಂಬದೊಂದು ಪರಿಭಾಷೆಯಿದೆ. ಬೆಂಕಿ, ಕಟ್ಟಿಗೆ, ಗಾಳಿ ಎಲ್ಲ ಸಾಮಗ್ರಿ ಕೂಡಿದ್ದರೂ ಚಂದ್ರಕಾಂತ ಮಣಿಯೊಂದು ಹತ್ತಿರ ಇದ್ದರೆ ಕಟ್ಟಿಗೆ ಸುಡಲಾರದೆಂದು ಅಲ್ಲಿಯ ಉದಾಹರಣೆ. ಅಂಥ ಮಣಿಯು ನಿಜವಾಗಿ ಇದೆಯೋ ಇಲ್ಲವೋ, ಆ ಚರ್ಚೆ ಇಲ್ಲಿ ಬೇಡ. ಸಾಮಗ್ರಿಯೆಲ್ಲ ಇದ್ದೂ ಫಲವನ್ನು ತಡೆಹಿಡಿಯುವ ವಸ್ತುವು ಕೆಲಸ ನಡೆಯುವ ಜಾಗದಲ್ಲಿಯೇ ಇರಬೇಕೆಂಬ ನಿಯಮವಿಲ್ಲ, ಇಷ್ಟನ್ನು ನಾವು ಅದರಿಂದ ತೆಗೆದುಕೊಂಡರೆ ಸಾಕು.

ಈ ವಿಚಾರಕ್ಕೆ ಶಾಸ್ತ್ರದ ಆಕಾರವನ್ನು ಕೊಟ್ಟವನು ಎಲಿಯಾಹು ಗೋಲ್ಡ್‌ರಾಟ್ ಎಂಬ ಇಸ್ರೇಲಿನ ಭೌತವಿಜ್ಞಾನಿ. ಆತನು 1984ರಲ್ಲಿ ‘ದಿ ಗೋಲ್’ ಎಂಬ ಗ್ರಂಥವನ್ನು ಪ್ರಕಟಿಸಿದನು. ಕಾರಖಾನೆಯ ವ್ಯವಹಾರವನ್ನು ಕಾದಂಬರಿಯ ರೂಪದಲ್ಲಿ ಹೇಳಿದ ಆ ಪುಸ್ತಕವು ದೇಶದೇಶಗಳಲ್ಲಿ ಓದಲ್ಪಟ್ಟಿತು. ಆತನ ತತ್ತ್ವವನ್ನು ತಿಳಿಯುವದಕ್ಕೆ ನಾವು ಕಾರಖಾನೆಗೇ ಹೋಗಬೇಕೆಂದಿಲ್ಲ. ಮಹಾಲಿಂಗಪುರದ ಕಡೆಯ ಒಂದು ಬೆಲ್ಲದ ಗಾಣವೇ ಸಾಕು.

ಗಾಣದಲ್ಲಿ ಕಬ್ಬನ್ನು ಅರೆದು ರಸ ತೆಗೆಯುವರು. ಕೊಪ್ಪರಿಗೆಯಲ್ಲಿ ಆ ರಸವನ್ನು ಕಾಯಿಸಿ ಬೆಲ್ಲ ಮಾಡುವರು. ಒಂದು ಕೊಪ್ಪರಿಗೆ ತುಂಬುವಷ್ಟು ರಸವನ್ನು ಗಾಣವು ಎರಡು ತಾಸಿನಲ್ಲಿ ಕೊಡುತ್ತದೆಂದೂ, ಅದು ಕಾಯ್ದು ಪಾಕವಾಗಲು ಮೂರು ತಾಸು ಹಿಡಿಯುತ್ತದೆಂದೂ ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಹನ್ನೆರಡು ತಾಸಿನ ಹಗಲಿನಲ್ಲಿ ಗಾಣದಿಂದ ಆರು ಕೊಪ್ಪರಿಗೆ ರಸ ಬರುವದು. ಬೆಲ್ಲ ಮಾತ್ರ ನಾಲ್ಕೇ ಕೊಪ್ಪರಿಗೆಯದು. ಉಳಿದೆರಡು ಕೊಪ್ಪರಿಗೆಯ ರಸವು ಕಾಯುತ್ತ ಕಾಯುತ್ತ ಹುಳಿಯುವದು. ಇದನ್ನು ನೋಡಿ ಯಜಮಾನನು ಸಾಲ ತೆಗೆದು ಇಮ್ಮಡಿ ದೊಡ್ಡ ಗಾಣವನ್ನು ತಂದನೆನ್ನಿರಿ. ಹನ್ನೆರಡು ಕೊಪ್ಪರಿಗೆಯ ರಸ ಸುರಿಯುವದು. ಬೆಲ್ಲವು ಮತ್ತೆ ನಾಲ್ಕೇ. ಹೆಚ್ಚಾದದ್ದು ಹುಳಿರಸ ಮತ್ತು ಬಡ್ಡಿ. ಅದರ ಬದಲಾಗಿ ಇನ್ನೊಂದು ಒಲೆ ಹೂಡಿ ಇನ್ನೊಂದು ಕೊಪ್ಪರಿಗೆ ಇಟ್ಟಿದ್ದರೆ ಹಳೆಯ ಗಾಣದಿಂದಲೇ ಆರು ಕೊಪ್ಪರಿಗೆಯ ಬೆಲ್ಲ ಇಳಿಯುತ್ತಿದ್ದಿತು.

ಇನ್ನು ಭೇದವನ್ನು ನೋಡಿರಿ. ದಿನವೊಂದಕ್ಕೆ ಹತ್ತು ಕೊಪ್ಪರಿಗೆಗೆ ಸಾಲುವ ಕಬ್ಬು ಹೊರಗೆ ಬಂದು ಬೀಳುತ್ತಿದ್ದರೆ, ಆರರ ಗಾಣವೂ ಇಕ್ಕಟ್ಟೇ, ನಾಲ್ಕರ ಕೊಪ್ಪರಿಗೆಯೂ ಇಕ್ಕಟ್ಟೇ. ಯಾತಕ್ಕೆಂದರೆ ಎರಡೂ ತಮ್ಮ ಮೇಲೆ ಬಿದ್ದ ಭಾರಕ್ಕಿಂತ ಕಡಿಮೆಯಾದವು. ಆದರೆ ಆ ದಿನದ ಬೆಲ್ಲವನ್ನು ನಿರ್ಣಯಿಸುವ ಪ್ರತಿಬಂಧವು ಕೊಪ್ಪರಿಗೆಯೊಂದೇ. ಇಕ್ಕಟ್ಟುಗಳು ಅನೇಕವಿರಬಹುದು, ಪ್ರತಿಬಂಧವು ಸಾಮಾನ್ಯವಾಗಿ ಒಂದೇ. ಇನ್ನು ಕಬ್ಬು ಬರುವದೇ ಮೂರು ಕೊಪ್ಪರಿಗೆಯಷ್ಟು ಎಂದಿಟ್ಟುಕೊಂಡರೆ ಆ ಗಾಣದ ಮನೆಯಲ್ಲಿ ಇಕ್ಕಟ್ಟೆಂಬದೇ ಇಲ್ಲ. ಹಾಗೆಂದು ಪ್ರತಿಬಂಧ ಇಲ್ಲವಾಯಿತೇ? ಇಲ್ಲ, ಅದು ಹೊಲದಲ್ಲಿ ಕುಳಿತಿದೆ. ಕಬ್ಬು ಹೇರಳವಾಗಿದ್ದು ಪೇಟೆಯಲ್ಲಿ ಮೂರು ಕೊಪ್ಪರಿಗೆಯ ಬೆಲ್ಲಕ್ಕೆ ಮಾತ್ರ ಗಿರಾಕಿ ಇದ್ದರೆ ಅದು ಪೇಟೆಯಲ್ಲಿ ಕುಳಿತಿದೆ.

ಈ ತತ್ತ್ವವನ್ನು ನಮ್ಮ ತಾಯಂದಿರು ಗೋಲ್ಡ್‌ರಾಟನಿಗಿಂತ ಮೊದಲೇ ಬಲ್ಲರು. ಜಾತ್ರೆಯ ದಿವಸ ಮನೆ ತುಂಬ ಬೀಗರು ಬಂದಾಗ ಇಬ್ಬರು ರೊಟ್ಟಿ ಬಡಿಯುವರು, ಒಬ್ಬಳು ಹಂಚಿನ ಮುಂದೆ ಕೂಡ್ರುವಳು. ಬಡಿದಿಟ್ಟ ರೊಟ್ಟಿ ಹಂಚಿಗಾಗಿ ಕಾಯ್ದರೆ ಆರಿ ಅಂಚು ಸೀಳುವದು. ಆದುದರಿಂದ ಬಾಗಿಲಲ್ಲಿ ಯಾರಾದರೂ ಕರೆದರೆ ಏಳುವವಳು ಬಡಿಯುವವರಲ್ಲಿ ಒಬ್ಬಳೇ ಹೊರತು ಹಂಚಿನ ಮುಂದಿನವಳಲ್ಲ. ಒಲೆಗೆ ಕಟ್ಟಿಗೆ ಮುಂಚೆಯೇ ಸಿದ್ಧ, ನೀರಿನ ಅರಿವೆ ಕೈಯಳತೆಯಲ್ಲಿ. ಹಂಚು ಒಂದು ಗಳಿಗೆ ಖಾಲಿ ಇದ್ದರೆ ಆ ಗಳಿಗೆಯು ಇಡೀ ಮನೆಗೆ ನಷ್ಟ. ಬಡಿಯುವವರು ಒಂದು ಗಳಿಗೆ ಕೈ ಕಟ್ಟಿ ಕುಳಿತರೆ ಯಾರಿಗೂ ಏನೂ ನಷ್ಟವಿಲ್ಲ. ಎಲ್ಲರೂ ಸದಾಕಾಲ ಕೈಯಾಡಿಸುತ್ತಿರಬೇಕೆಂದು ಗದರಿಸುವ ಅತ್ತೆಯವರು ಮಾತ್ರ ಈ ಶಾಸ್ತ್ರಕ್ಕೆ ವಿರೋಧಿಗಳು. ಅಂಥ ಅತ್ತೆಯವರು ಕಚೇರಿಗಳಲ್ಲಿಯೂ ಬಹುಮಂದಿ ಇರುತ್ತಾರೆ.

ಮನೆಯ ರೊಟ್ಟಿಯಲ್ಲಿ ತಪ್ಪಿದರೆ ಊಟ ತಡವಾದೀತು, ಅಷ್ಟೆ. ಬಾಳುವೆಯಲ್ಲಿ ತಪ್ಪಿದರೆ ಮನೆಯೇ ಅಡವು ಬೀಳುವದು. ರಬಕವಿ-ಬನಹಟ್ಟಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮಗ್ಗ ನಡೆಯಿಸುತ್ತಾನೆ. ಅವನ ಮನೆಯಲ್ಲಿ ಮಗ್ಗವು ಸಂಜೆಯ ತನಕ ಬಿಡುವಿಲ್ಲದೆ ಓಡುತ್ತಿದ್ದಿತು. ಕಂಡಿಕೆ ಸುತ್ತಿಟ್ಟದ್ದು ಬುಟ್ಟಿಯಲ್ಲಿ ಕಾಯುತ್ತಿದ್ದಿತು. ಮಗ್ಗವೇ ಇಕ್ಕಟ್ಟೆಂದು ಅವನು ಬಗೆದದ್ದು ಸಹಜ. ಸಾಲ ಮಾಡಿ ಎರಡನೆಯ ಮಗ್ಗವನ್ನು ಹೂಡಿದನು. ಒಂದು ವರ್ಷ ಕಳೆದ ಬಳಿಕ ಭೆಟ್ಟಿಯಾದಾಗ, “ಗುರುಗಳೇ, ಮಗ್ಗ ಎರಡಾದವು, ಸೀರಿ ಎರಡರಷ್ಟಾದವು, ಕೊಳ್ಳಾವರು ಮಾತ್ರ ಮೊದಲಿನಷ್ಟ ಅದಾರ ನೋಡ್ರಿ” ಎಂದನು. ಇಕ್ಕಟ್ಟನ್ನು ಅವನು ಸರಿಯಾಗಿಯೇ ಗುರುತಿಸಿದ್ದನು, ಪ್ರತಿಬಂಧವು ಪೇಟೆಯಲ್ಲಿದ್ದಿತು. 2020ರಲ್ಲಿ ಮಹಾಮಾರಿಯ ನಿಮಿತ್ತ ದೇಶವೆಲ್ಲ ಬಾಗಿಲು ಮುಚ್ಚಿದಾಗ ನೇಕಾರರ ಮನೆಗಳಲ್ಲಿ ಸೀರೆಗಳು ಗಂಟುಗಂಟಾಗಿ ಉಳಿದದ್ದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇಕ್ಕಟ್ಟು ಕಣ್ಣಿಗೆ ಕಾಣುತ್ತದೆ, ಅದೇ ಅದರ ಮೋಸ. ಅದರ ಮುಂದೆ ಯಾವಾಗಲೂ ಏನಾದರೊಂದು ಗುಂಪು ಬಿದ್ದಿರುತ್ತದೆ: ರಸದ ಕೊಡಗಳು, ಕಂಡಿಕೆಯ ಬುಟ್ಟಿ, ಗಾಡಿಗಳ ಸಾಲು. ಪ್ರತಿಬಂಧದ ಮುಂದೆ ಅನೇಕ ವೇಳೆ ಯಾವ ಸಾಲೂ ಇರುವದಿಲ್ಲ. ಕೊಳ್ಳಲು ಬಾರದ ಗಿರಾಕಿಯನ್ನು ಯಾರು ಕಂಡಿದ್ದಾರೆ? ಬಿತ್ತದೆ ಬಿಟ್ಟ ಬೆಳೆಯನ್ನು ಯಾರು ಎಣಿಸಿದ್ದಾರೆ? ಈ ಮಾತಿಗೆ ನನಗೆ ತಿಳಿದ ಅತ್ಯುತ್ತಮ ನಿದರ್ಶನವು ಗ್ರಂಥದಲ್ಲಿಲ್ಲ, ನಮ್ಮ ಹೊಳೆಯಲ್ಲಿಯೇ ಇದೆ.

ಚಿಕ್ಕಪಡಸಲಗಿಯು ಜಮಖಂಡಿ ತಾಲೂಕಿನಲ್ಲಿ ಕೃಷ್ಣೆಯ ದಂಡೆಯ ಮೇಲಿನ ಊರು. ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿದ ಈ ಪ್ರದೇಶವು 1997ರ ವರೆಗೆ ವಿಜಾಪುರ ಜಿಲ್ಲೆಯಲ್ಲಿದ್ದಿತು. ಇದು ಮಳೆನೆರಳಿನ ನಾಡು. ಇಲ್ಲಿಯ ಆಕಾಶವು ಜಿಪುಣ. ಹೊಳೆಯು ಮಾತ್ರ ಸಹ್ಯಾದ್ರಿಯ ಮಳೆಯನ್ನು ಹೊತ್ತುಕೊಂಡು ಆಷಾಢ ಶ್ರಾವಣಗಳಲ್ಲಿ ದಂಡೆ ಮೀರಿ ಹರಿಯುವದು. ಮಾಘ ಕಳೆಯಿತೆಂದರೆ ಅದೇ ಹೊಳೆಯು ಬಂಡೆ ಮರಳುಗಳ ನಡುವೆ ಅಲ್ಲಲ್ಲಿ ನಿಂತ ಮಡುಗಳಾಗುವದು. ಬೇಸಿಗೆಯಲ್ಲಿ ದನಗಳಿಗೆ ಕುಡಿಯುವದಕ್ಕೂ ತೊಂದರೆಯಾಗುವ ದಿನಗಳು ಬರುತ್ತಿದ್ದವು.

ಹೀಗಿರುವಲ್ಲಿ ದಂಡೆಯ ರೈತನೊಬ್ಬನನ್ನು, ನಿನ್ನ ಒಕ್ಕಲುತನಕ್ಕೆ ಅಡ್ಡಿ ಯಾವದು ಎಂದು ಕೇಳಿದ್ದರೆ ಅವನು ಏನು ಹೇಳುತ್ತಿದ್ದನು? ಪಂಪಿನ ಬಲ ಸಾಲದು, ಪೈಪು ಸಣ್ಣದು, ಕರೆಂಟು ಹೊತ್ತಿಗೆ ಬರುವದಿಲ್ಲ, ಕಾಲುವೆಯಲ್ಲಿ ನೀರು ಸೋರಿಹೋಗುತ್ತದೆ. ಇವೆಲ್ಲವೂ ನಿಜವಾದ ಇಕ್ಕಟ್ಟುಗಳೇ. ಒಂದೊಂದನ್ನು ಸಡಿಲಿಸಿದಾಗಲೂ ಕಾರ್ತಿಕದಲ್ಲಿ ಸ್ವಲ್ಪ ಸುಖವೆನಿಸುತ್ತಿದ್ದಿತು. ಆದರೆ ಚೈತ್ರದಲ್ಲಿ ಹತ್ತು ಅಶ್ವಶಕ್ತಿಯ ಪಂಪೂ ಐದು ಅಶ್ವಶಕ್ತಿಯ ಪಂಪೂ ಒಂದೇ: ಎರಡೂ ಮರಳನ್ನೇ ನೋಡುತ್ತ ನಿಲ್ಲುವವು. ಕಬ್ಬು ಹನ್ನೆರಡು ತಿಂಗಳ ಬೆಳೆ. ಹೊಳೆಯಲ್ಲಿದ್ದದ್ದು ಎಂಟು ತಿಂಗಳ ನೀರು. ಎಂಟು ತಿಂಗಳ ನೀರಿನಿಂದ ಮೂರರಲ್ಲಿ ಎರಡು ಪಾಲು ಕಬ್ಬು ಬರುವದಿಲ್ಲ, ಕಬ್ಬೇ ಬರುವದಿಲ್ಲ. ಆ ನಾಲ್ಕು ತಿಂಗಳ ಬರಿದಾದ ಪಾತ್ರವು ಹಿಂದಿನ ಎಂಟು ತಿಂಗಳಲ್ಲಿ ಏನು ಬಿತ್ತಬೇಕೆಂಬದನ್ನೂ, ಮಗಳ ಮದುವೆ ಈ ವರ್ಷವೋ ಬರುವ ವರ್ಷವೋ ಎಂಬದನ್ನೂ ನಿರ್ಣಯಿಸುತ್ತಿದ್ದಿತು. ದೂರದಲ್ಲಿ ಕುಳಿತು ಇಡೀ ವ್ಯವಹಾರವನ್ನು ಆಳುವದೇ ಪ್ರತಿಬಂಧದ ಲಕ್ಷಣ. ಒಣಗಿದ ಹೊಳೆಯ ಮುಂದೆ ಮಾತ್ರ ಯಾವ ಸಾಲೂ ನಿಂತಿರಲಿಲ್ಲ.

ಈ ಪ್ರತಿಬಂಧಕ್ಕೆ ಪರಿಹಾರವು ಯಾರಿಗೂ ತಿಳಿಯದ ರಹಸ್ಯವಾಗಿರಲಿಲ್ಲ. ಮಳೆಗಾಲದ ಕೊನೆಗೆ ಹೊಳೆಯ ಪಾತ್ರದಲ್ಲಿಯೇ ನೀರನ್ನು ತಡೆದು ನಿಲ್ಲಿಸಬೇಕು, ಮಹಾಪೂರ ಬಂದಾಗ ಅದಕ್ಕೆ ದಾರಿ ಬಿಡಬೇಕು; ಬ್ಯಾರೇಜೆಂಬ ಒಡ್ಡು ಮಾಡುವ ಕೆಲಸವೇ ಇದು. ತಿಳಿದಿದ್ದೂ ಆಗದಿದ್ದುದೇಕೆ? ಹೊಳೆಗೆ ಒಡ್ಡು ಹಾಕುವದು ಸರಕಾರದ ಕೆಲಸ, ನಮ್ಮದೇನಿದ್ದರೂ ಬೇಡುವದು ಮತ್ತು ಕಾಯುವದು ಎಂಬ ರೂಢಿಯ ತಿಳಿವಳಿಕೆ ಅಡ್ಡವಾಗಿದ್ದಿತು. ಗೋಲ್ಡ್‌ರಾಟನ ಮತದವರು ಇದಕ್ಕೂ ಒಂದು ಹೆಸರನ್ನಿಟ್ಟಿದ್ದಾರೆ: ನಿಯಮದಿಂದ ಹುಟ್ಟಿದ ಪ್ರತಿಬಂಧ. ಯಂತ್ರದ ಕೊರತೆಗಿಂತಲೂ ಇಂಥ ನಿಯಮದ ತಡೆಯೇ ಹೆಚ್ಚು ಕಡೆಗಳಲ್ಲಿ ದೊರೆಯುತ್ತದೆಂದು ಅವರ ಅಭಿಪ್ರಾಯ, ನನ್ನದೂ ಅದೇ.

ಅದನ್ನು ಕಿತ್ತುಹಾಕಿದವರು ಕೃಷ್ಣಾ ತೀರ ರೈತ ಸಂಘದವರು. ಸಿದ್ದು ನ್ಯಾಮಗೌಡರು ಅವರ ಮುಂದಾಳುಗಳು. ದಂಡೆಯ ಊರುಗಳ ರೈತರು ತಮ್ಮ ತಮ್ಮಲ್ಲಿ ಹಣ ಕೂಡಿಸಿದರು, ಮೈಮುರಿದು ದುಡಿದರು. 1989ರಲ್ಲಿ ಕೃಷ್ಣೆಗೆ ಅಡ್ಡಲಾಗಿ ಚಿಕ್ಕಪಡಸಲಗಿಯ ಬ್ಯಾರೇಜು ಎದ್ದು ನಿಂತಿತು. ಅದರ ಹಿಂದೆ ನಿಂತ ಜಲರಾಶಿಗೆ ಶ್ರಮಬಿಂದು ಸಾಗರವೆಂಬ ಹೆಸರು ಬಂದಿತು. ವ್ಯಾಕರಣವನ್ನು ಕಲಿಸಿದವನಾದುದರಿಂದ ಈ ಸಮಾಸವನ್ನು ಬಿಡಿಸದೆ ಮುಂದೆ ಹೋಗಲಾರೆ. ಶ್ರಮದ ಬಿಂದು ಎಂದರೆ ಬೆವರಿನ ಹನಿ; ಆ ಹನಿಗಳ ಸಾಗರ. ತತ್ಪುರುಷದಲ್ಲಿ ಉತ್ತರಪದವೇ ಪ್ರಧಾನವೆಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಇಲ್ಲಿ ಪೂರ್ವಪದಗಳ ಪಕ್ಷವನ್ನು ಹಿಡಿಯಬೇಕೆಂದು ಮನಸ್ಸಾಗುತ್ತದೆ.

ನ್ಯಾಮಗೌಡರನ್ನು ಜನರು ‘ಬ್ಯಾರೇಜ್ ಸಿದ್ದು’ ಎಂದೇ ಕರೆದರು. 1991ರ ಲೋಕಸಭೆಯ ಚುನಾವಣೆಯಲ್ಲಿ ಅವರು ಬಾಗಲಕೋಟೆಯಿಂದ ನಿಂತು, ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿದರು. ಕೇಂದ್ರದಲ್ಲಿ ಮಂತ್ರಿಗಳೂ ಆದರು. 2018ರ ಮೇ ತಿಂಗಳಲ್ಲಿ ಜಮಖಂಡಿಯಿಂದ ವಿಧಾನಸಭೆಗೆ ಮತ್ತೆ ಆರಿಸಿಬಂದ ಕೆಲವೇ ದಿನಗಳಲ್ಲಿ ಮೋಟಾರು ಅಪಘಾತದಿಂದ ಮರಣ ಹೊಂದಿದರು. ರಾಜಕಾರಣದಲ್ಲಿ ಅವರ ಗುಣದೋಷಗಳನ್ನು ತೂಗುವದು ಈ ಪುಟದ ಕೆಲಸವಲ್ಲ.

ನಮ್ಮ ವಿಷಯಕ್ಕೆ ಸಂಬಂಧಿಸಿದ ಮಾತು ಒಡ್ಡು ಕಟ್ಟಿದ ಮೇಲೆಯೇ ಹೆಚ್ಚು ಸ್ವಾರಸ್ಯವಾಗಿದೆ. ಒಂದು ಪ್ರತಿಬಂಧವು ಬಿಚ್ಚಿದ ಕೂಡಲೆ ಇನ್ನೊಂದು ಅದರ ಗಾದಿಯನ್ನು ಏರುವದು. ಬೇಸಿಗೆಯಲ್ಲಿ ಹೊಳೆಯಲ್ಲಿ ನೀರು ನಿಂತಿತು. ಆಗ ಪಂಪು, ಪೈಪು, ಕರೆಂಟುಗಳ ಆ ಹಳೆಯ ಇಕ್ಕಟ್ಟುಗಳು ನಿಜವಾಗಿಯೇ ಬಿಗಿಯತೊಡಗಿದವು. ಒಡ್ಡಿಗೆ ಮುಂಚೆ ದೊಡ್ಡ ಪಂಪನ್ನು ಕೊಂಡವನು ದುಂದುಗಾರನೆನಿಸಿಕೊಳ್ಳುತ್ತಿದ್ದನು. ಒಡ್ಡಾದ ಮೇಲೆ ಅದೇ ಪಂಪಿನಿಂದ ಜಾಣನೆನಿಸಿದನು. ಪಂಪು ಬದಲಾಗಲಿಲ್ಲ, ಅದರ ಸುತ್ತಲಿನದು ಬದಲಾಯಿತು. ಆದುದರಿಂದ ಒಂದು ವಸ್ತುವನ್ನು ಮಾತ್ರ ನೋಡಿ ಇದು ಪ್ರತಿಬಂಧ, ಇದು ಅಲ್ಲ ಎಂದು ಹೇಳಲು ಬರುವದಿಲ್ಲ.

ಅನಂತರ ಕಬ್ಬು ಹೆಚ್ಚಿತು. ಸಮೀರವಾಡಿ, ಹಿರೇಪಡಸಲಗಿ, ಮುಧೋಳ ಮೊದಲಾದ ಕಡೆಗಳಲ್ಲಿ ಸಕ್ಕರೆಯ ಕಾರಖಾನೆಗಳಿವೆ. ಕಬ್ಬು ನುರಿಸುವ ಕಾಲದಲ್ಲಿ ಇಂಥ ಯಾವ ಕಾರಖಾನೆಯ ಮುಂದೆ ನಿಂತರೂ ಟ್ರ್ಯಾಕ್ಟರುಗಳ ಸಾಲು ಕಾಣುವದು. ತೂಕದ ಕಾಟಾದಲ್ಲಿ ತಡವೆಂದು ಜನರು ಬೇಸರಪಡುವರು. ಇನ್ನೊಂದು ಕಾಟಾ ಇಟ್ಟರೆ ಹೊರಗಿನ ಸಾಲು ಒಳಗಿನ ಅಂಗಳಕ್ಕೆ ಹೋಗಿ ನಿಲ್ಲುವದೇ ಹೊರತು ಸಕ್ಕರೆ ಹೆಚ್ಚುವದಿಲ್ಲ. ನುರಿಸುವ ಗಾಣವು ದಿನಕ್ಕೆ ಇಷ್ಟೇ ಟನ್ನೆಂದು ಲೆಕ್ಕ ಕಟ್ಟಿದ್ದು. ಕಡಿದ ಕಬ್ಬಿಗೆ ಕಾಯುವ ತಾಳ್ಮೆ ಇಲ್ಲ. ತಾಸು ತಾಸಿಗೂ ಅದರ ತೂಕ ಇಳಿಯುವದು, ಒಳಗಿನ ಸಕ್ಕರೆ ಕೆಡುವದು. ಗಾಣದ ಶಕ್ತಿಯನ್ನು ತಿಳಿದು ಅದಕ್ಕೆ ತಕ್ಕಂತೆ ಕಡಿಯುವ ಸರದಿಯನ್ನು ಗೊತ್ತುಮಾಡಿದರೆ ಸಾಲೂ ಕರಗುವದು, ರಸವೂ ಉಳಿಯುವದು. ಹಂಚಿನ ವೇಗವನ್ನು ನೋಡಿ ರೊಟ್ಟಿ ಬಡಿಯುವ ನ್ಯಾಯವೇ ಇದು.

ನೀರಿನ ಪ್ರತಿಬಂಧವಾದರೂ ಶಾಶ್ವತವಾಗಿ ತೊಲಗಿತೆಂದು ತಿಳಿಯಬಾರದು. 2019ರ ಮೇ ತಿಂಗಳಲ್ಲಿ ಕೃಷ್ಣೆ ಬತ್ತಿ, ಮಹಾರಾಷ್ಟ್ರದ ಜಲಾಶಯಗಳಿಂದ ನೀರು ಬಿಡಿಸಬೇಕೆಂದು ಕೇಳುವ ಪ್ರಸಂಗ ಬಂದಿತು. ಅದೇ ವರ್ಷದ ಆಗಸ್ಟಿನಲ್ಲಿ ಅದೇ ಹೊಳೆಯು ಊರುಗಳನ್ನು ಮುಳುಗಿಸಿತು. ಕೆಳಗೆ ಆಲಮಟ್ಟಿಯ ಹಿನ್ನೀರು ಚಿಕ್ಕಪಡಸಲಗಿಯ ಒಡ್ಡಿನ ಬುಡಕ್ಕೆ ಬಂದು ನಿಂತಾಗ, ಆ ನೀರನ್ನು ಪಂಪುಗಳಿಂದೆತ್ತಿ ಒಡ್ಡಿನ ಒಳಗೆ ತುಂಬಿಸುವ ಕಾರ್ಯವನ್ನೂ ರೈತರು ಕೈಕೊಂಡದ್ದುಂಟು. ಒಮ್ಮೆ ಎದುರಾಳಿಯನ್ನು ಗುರುತಿಸಿದವರು ಅವನ ಎರಡನೆಯ ವೇಷವನ್ನೂ ಬೇಗನೆ ಗುರುತಿಸುತ್ತಾರೆ.

ಈಗ ಮೂರನೆಯ ವೇಷವು ಬಂದಿದೆ, ಮತ್ತು ಅದು ನೀರಿನ ಕೊರತೆಯದಲ್ಲ. ಕಪ್ಪು ಎರೆಭೂಮಿಗೆ ವರ್ಷವೆಲ್ಲ ನೀರು ಉಣಿಸಿದರೆ ಕೆಳಗಿನ ನೀರು ಬೇರಿನ ಮಟ್ಟಕ್ಕೆ ಏರಿ ಬರುವದು; ಬಿಸಿಲಿಗೆ ಅದು ಆರಿದಾಗ ಉಪ್ಪು ಮೇಲೆ ಉಳಿಯುವದು. ಜಮಖಂಡಿ ಮುಧೋಳದ ಕಡೆಯ ರೈತರು ಇದನ್ನೇ ಸವಳು-ಜವಳು ಎಂದು ಕರೆಯುತ್ತಾರೆ. ಅಂಥ ಹೊಲದಲ್ಲಿ ಕಬ್ಬು ಹಳದಿಯಾಗಿ ಕುಳ್ಳಾಗುವದು. ರೈತನಿಗೆ ಕಾಣುವದು ಸೊರಗಿದ ಬೆಳೆ. ಆದುದರಿಂದ ಅವನು ಇನ್ನೊಂದು ಚೀಲ ಗೊಬ್ಬರ ಸುರಿಯುವನು, ಇನ್ನೊಂದು ಸಲ ನೀರು ಹಾಯಿಸುವನು. ನೀರೇ ಪ್ರತಿಬಂಧವಾಗಿ ಇದ್ದ ಕಾಲದ ಅಭ್ಯಾಸವು, ನೀರೇ ರೋಗವಾದ ಕಾಲದಲ್ಲಿಯೂ ಕೈಯನ್ನು ಬಿಟ್ಟಿಲ್ಲ.

ಇದಕ್ಕೆ ಮದ್ದೆಂದರೆ ನೀರನ್ನು ಹಿತವಾಗಿ ಕೊಡುವದು, ಮತ್ತು ನೆಲದೊಳಗೆ ರಂಧ್ರವುಳ್ಳ ಕೊಳವೆಗಳನ್ನು ಹೂತು ಹೆಚ್ಚಿನ ನೀರನ್ನು ಬಸಿದು ಹೊರಗೆ ಬಿಡುವದು. ಒಬ್ಬ ರೈತನು ಸಾಲ ತೆಗೆದು ತನ್ನ ನಾಲ್ಕು ಎಕರೆಯಲ್ಲಿ ಕೊಳವೆಗಳನ್ನು ಹಾಕಿಸುವನು. ನೀರು ಬಸಿದು ಹೊಲದ ಕೆಳಗಿನ ಬದುವಿನ ವರೆಗೆ ಬರುವದು. ಅಲ್ಲಿಂದ ಮುಂದೆ ಹಳ್ಳಕ್ಕೆ ಹೋಗಬೇಕಾದರೆ ಕೆಳಗಿನವನ ಹೊಲವನ್ನು ದಾಟಬೇಕು. ಅವನೂ ದಾರಿ ಕೊಡಬೇಕು, ಅವನ ಕೆಳಗಿನವನೂ ಕೊಡಬೇಕು. ಬಸಿಗಾಲುವೆ ಇಲ್ಲದ ಕಡೆಗಳಲ್ಲಿ ಆ ಕೊಳವೆಯ ಬಾಯಿ ಬದುವಿನ ಹತ್ತಿರ ನೀರಿನಲ್ಲಿಯೇ ಮುಳುಗಿಕೊಂಡಿರುತ್ತದೆ. ಮೇಲಿನವನು ಕೆಳಗಿನವನ ಮನೆಗೆ ಮಾತಾಡಲು ಇನ್ನೂ ಹೋಗಿರುವದಿಲ್ಲ.